ಗುಲಗಂಜಿ ಸಾಹೇಬರ ಕ್ಷಿಪಣಿ ಪರೀಕ್ಷೆ

ಗುಲಗಂಜಿ ಸಾಹೇಬರಿಗೆ ಆ ಹೆಸರು ಇಟ್ಟವರು ಯಾರೆಂದು ಯಾರಿಗೂ ಗೊತ್ತಿಲ್ಲ. ಯಾಕೆ ಇಟ್ಟರೆಂದು ಮಾತ್ರ ಎಲ್ಲರಿಗೂ ಗೊತ್ತು. ಅವರು ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರು. ಅಂಗಡಿಯ ತಕ್ಕಡಿ ಗುಲಗಂಜಿಯಷ್ಟು ಆಚೀಚೆ ವಾಲಿದರೂ ಸಾಕು, ತಿರಸ್ಕರಿಸಿ ಎದ್ದುಬಿಡುತ್ತಿದ್ದರು. ತಕ್ಕಡಿ ಸರಿಯಿದ್ದರೆ ಅದರ ಸೀಸದ ಬಿಲ್ಲೆಯ ಮೇಲೆ ಉಕ್ಕಿನ ಮುದ್ರೆಯಿಟ್ಟು ಸುತ್ತಿಗೆಯಿಂದ ಒಂದೇ ಏಟು ಹಾಕುತ್ತಿದ್ದರು. ಎರಡನೇ ಏಟು ಹಾಕಿದ್ದನ್ನು ಇಪ್ಪತ್ತೆಂಟು ವರ್ಷಗಳಲ್ಲಿ ಕಂಡವರಿಲ್ಲ. ಹೆಬ್ಬೆಟ್ಟಿನಷ್ಟು ಉದ್ದದ ಆ ಮುದ್ರೆ ಸದಾ ಅವರ ಅಂಗಿಯ ಒಳಜೇಬಿನಲ್ಲಿರುತ್ತಿತ್ತು. ಮಲಗುವಾಗ ಮಾತ್ರ ದಿಂಬಿನ ಕೆಳಗೆ ಹೋಗುತ್ತಿತ್ತು.

ಇಂಥ ಸಾಹೇಬರನ್ನು ಊರಿಗೆ ಊರೇ ನಂಬಿದರೂ ಮನೆಯಲ್ಲಿ ಒಬ್ಬರು ನಂಬುತ್ತಿರಲಿಲ್ಲ. ಅವರೇ ಅತ್ತೆ, ಅಂದರೆ ಹೆಂಡತಿಯ ತಾಯಿ. ಮಗಳ ಮನೆಯಲ್ಲೇ ಇದ್ದ ಆಕೆಗೆ ಬೀದಿಕೊನೆಯ ದಿನಸಿ ಅಂಗಡಿಯವನ ಮೇಲೆ ಹನ್ನೊಂದು ವರ್ಷದ ಅನುಮಾನ. ಸಕ್ಕರೆಯ ಪೊಟ್ಟಣವನ್ನು ಅಂಗೈಯಲ್ಲಿಟ್ಟು ಎರಡು ಸಲ ಮೇಲೆ ಕೆಳಗೆ ಆಡಿಸಿ, "ಇದು ಒಂದು ಕಿಲೋ ಅಲ್ಲ" ಎಂದುಬಿಡುತ್ತಿದ್ದರು.

"ಅತ್ತೆ, ಆ ತಕ್ಕಡಿಗೆ ಮುದ್ರೆ ಹೊಡೆದಿರೋದು ನಾನು."

"ತಕ್ಕಡಿಗೆ ಹೊಡೆದಿದ್ದೀರಿ. ಅವನಿಗೆ ಹೊಡೆದಿಲ್ವಲ್ಲ."

"ಒಂದು ಕಿಲೋ ಅಲ್ಲ ಅಂತ ನಿಮಗೆ ಹೇಗೆ ಗೊತ್ತು?"

"ನನ್ನ ಕೈ ಹೇಳತ್ತೆ."

"ನಿಮ್ಮ ಕೈಗೆ ಮುದ್ರೆ ಇಲ್ಲ ಅತ್ತೆ."

ಇಲ್ಲಿಗೆ ಆ ದಿನದ ವಾದ ಮುಗಿಯುತ್ತಿತ್ತು. ಮುಂದಿನ ಕಿಲೋ ಸಕ್ಕರೆ ಬರುವವರೆಗೆ ಮನೆಯಲ್ಲಿ ಶಾಂತಿ ಇರುತ್ತಿತ್ತು.

ಹೀಗಿರುವಾಗ ಒಂದು ದಿನ ಮರದ ಡಿಪೋದಲ್ಲಿ ಪರೀಕ್ಷೆ ಮಾಡುತ್ತಿದ್ದ ಸಾಹೇಬರ ಕಾಲಿನ ಮೇಲೆ ಇಪ್ಪತ್ತು ಕಿಲೋದ ಕಬ್ಬಿಣದ ತೂಕವೊಂದು ಬಿತ್ತು. ತೂಕ ಸರಿಯಾಗಿತ್ತೆಂದು ಆಮೇಲೆ ಪರೀಕ್ಷೆಯಲ್ಲಿ ಕಂಡುಬಂತು. ವೈದ್ಯರು ಒಂದು ತಿಂಗಳು ಮನೆಯಲ್ಲೇ ಕೂರಬೇಕೆಂದರು. ಕೂತು ಅಭ್ಯಾಸವಿಲ್ಲದ ಮನುಷ್ಯ ಮೊದಲ ವಾರದಲ್ಲೇ ಅಡುಗೆಮನೆಯ ಲೋಟಗಳನ್ನೆಲ್ಲ ಅಳೆದು, ಮನೆಯ ಗಡಿಯಾರ ದಿನಕ್ಕೆ ಎಷ್ಟು ಹಿಂದೆ ಬೀಳುತ್ತದೆಂದು ಬರೆದಿಟ್ಟು, ಹೆಂಡತಿ ಹಾಕುವ ಉಪ್ಪಿಗೂ ಒಂದು ರಿಜಿಸ್ಟರು ಶುರುಮಾಡಿದರು. ಹೆಂಡತಿ ತನ್ನ ತಮ್ಮನಿಗೆ ಫೋನ್ ಮಾಡಿ, "ನಿಮ್ಮ ಭಾವನ ಕೈಗೆ ಏನಾದ್ರೂ ಕೊಡೋ, ಇಲ್ದಿದ್ರೆ ನಾನೇ ಮನೆ ಬಿಟ್ಟು ಹೋಗ್ತೀನಿ" ಎಂದಳು.

ಈ ಬಾಮೈದನಿಗೆ ಕಂಪ್ಯೂಟರ್ ರಿಪೇರಿಯ ಕೆಲಸ. ಮಾರನೇ ದಿನವೇ ಒಂದು ಹಳೆಯ ಕಂಪ್ಯೂಟರು, ವಿಮಾನ ಓಡಿಸುವ ಹಿಡಿಯಂಥದ್ದೊಂದು ಕೋಲು, ಜೊತೆಗೆ ಯುದ್ಧವಿಮಾನದ ಆಟವೊಂದನ್ನು ತಂದು ನಡುಕೋಣೆಯ ಮೇಜಿನ ಮೇಲೆ ಜೋಡಿಸಿದ. ಆಟದ ಡಬ್ಬಿಯ ಮೇಲೆ ದೊಡ್ಡ ಅಕ್ಷರಗಳಲ್ಲಿ "ನೂರಕ್ಕೆ ನೂರು ನೈಜ" ಎಂದಿತ್ತು. ಕೆಳಗೆ ಒಂದು ಕ್ಷಿಪಣಿಯ ಚಿತ್ರ, ಪಕ್ಕದಲ್ಲಿ "ದೂರ: ನೂರು ಕಿಲೋಮೀಟರ್."

ಸಾಹೇಬರು ವಿಮಾನ ಹಾರಿಸುವುದನ್ನು ಎರಡು ದಿನದಲ್ಲಿ ಕಲಿತರು. ಇಳಿಸುವುದನ್ನು ಕೊನೆಯವರೆಗೂ ಕಲಿಯಲಿಲ್ಲ. ಅದರ ಅಗತ್ಯ ಅವರಿಗೆ ಕಾಣಲಿಲ್ಲ. ಮೂರನೇ ದಿನ ಎಂಬತ್ತು ಕಿಲೋಮೀಟರ್ ದೂರದಲ್ಲಿದ್ದ ಶತ್ರುವಿಮಾನಕ್ಕೆ ಗುರಿಯಿಟ್ಟು ಕ್ಷಿಪಣಿ ಬಿಟ್ಟರು. ಅದು ಹೊಗೆ ಕಾರುತ್ತ ಹೋಯಿತು, ಹೋಗುತ್ತ ಹೋಗುತ್ತ ನಿಧಾನವಾಯಿತು, ಅರ್ಧ ದಾರಿಯಲ್ಲಿ ಸುಸ್ತಾಗಿ ನೆಲಕ್ಕೆ ಬಿತ್ತು.

"ಎಂಬತ್ತು" ಎಂದರು ಸಾಹೇಬರು.

"ಏನಾಯ್ತು ಭಾವ?" ಎಂದ, ಆಗಷ್ಟೇ ಬಂದಿದ್ದ ಬಾಮೈದ.

"ಡಬ್ಬಿ ಮೇಲೆ ನೂರು ಅಂತ ಇದೆ. ಎಂಬತ್ತಕ್ಕೇ ಮುಟ್ಟಲಿಲ್ಲ. ಯಾಕೆ?"

ಬಾಮೈದ ಸಮಾಧಾನವಾಗಿ ಹೇಳಿದ: "ಭಾವ, ಅದರ ಇಂಜಿನ್ನು ಉರಿಯೋದು ಕೆಲವೇ ಸೆಕೆಂಡು. ಆಮೇಲೆ ಎಸೆದ ಕಲ್ಲಿನ ಹಾಗೆ, ಇರೋ ಓಟದಲ್ಲೇ ಹೋಗ್ಬೇಕು. ಮೇಲೆ ಗಾಳಿ ತೆಳು, ದೂರ ಹೋಗತ್ತೆ. ಕೆಳಗೆ ಗಾಳಿ ದಪ್ಪ, ಬೇಗ ನಿಲ್ಲತ್ತೆ. ಶತ್ರು ಎದುರಿಗೆ ಬರ್ತಿದ್ರೆ ಒಂದು ಲೆಕ್ಕ, ಬೆನ್ನು ತಿರುಗಿಸಿ ಓಡ್ತಿದ್ರೆ ಇನ್ನೊಂದು ಲೆಕ್ಕ."

"ಹಾಗಂತ ಡಬ್ಬಿ ಮೇಲೆ ಯಾಕೆ ಬರೆದಿಲ್ಲ? ಸಕ್ಕರೆ ಪೊಟ್ಟಣದ ಮೇಲೆ 'ಬೆಟ್ಟದ ಮೇಲೆ ತೂಗಿದರೆ ಮಾತ್ರ ಒಂದು ಕಿಲೋ' ಅಂತ ಇರತ್ತಾ?"

ಅಷ್ಟರಲ್ಲಿ ಮೂಲೆಯಲ್ಲಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದ ಅತ್ತೆ ತಲೆಯೆತ್ತಿದರು. "ಅದಿರ್ಲಿ, ಆ ಹಸಿರು ಪರದೇಲಿ ಒಂದು ಚುಕ್ಕಿ ಇತ್ತಲ್ಲ, ಎಲ್ಲಿ ಹೋಯ್ತು?"

ಹಸಿರು ಪರದೆಯೆಂದರೆ ಆಟದ ರೇಡಾರು. ಶತ್ರುವಿಮಾನ ಅದರಲ್ಲಿ ಚುಕ್ಕಿಯಾಗಿ ಕಾಣಬೇಕು. ನಿಜ, ಚುಕ್ಕಿ ಇರಲಿಲ್ಲ. ಆಟದ ವಿಮಾನದ ಕಿಟಕಿಯ ಆಚೆ ನೋಡಿದರೆ, ಅಷ್ಟರಲ್ಲಿ ಹತ್ತಿರ ಬಂದಿದ್ದ ಶತ್ರುವಿಮಾನ ಕಣ್ಣಿಗೇ ಕಾಣುತ್ತಿದೆ, ಬೆಟ್ಟದ ಪಕ್ಕ ಅಡ್ಡಲಾಗಿ ಹೋಗುತ್ತಿದೆ!

"ಅಡ್ಡ ತಿರುಗಿದ್ಕೂಡ್ಲೇ ಮಾಯ ಆಯ್ತು" ಎಂದರು ಅತ್ತೆ. "ನಾನು ನೋಡ್ತಾನೇ ಇದ್ದೆ."

ಬಾಮೈದ ಬೆರಗಾದ. "ಅಮ್ಮಾ, ಇದನ್ನ ಅರ್ಥ ಮಾಡ್ಕೊಳ್ಳೋಕೆ ನನಗೆ ಆರು ತಿಂಗಳು ಬೇಕಾಯ್ತು! ಈ ರೇಡಾರು ತನ್ನ ಕಡೆ ಬರೋರನ್ನ, ತನ್ನಿಂದ ದೂರ ಹೋಗೋರನ್ನ ಹಿಡಿಯತ್ತೆ. ನೆಲದ ಹತ್ರ ಅಡ್ಡಡ್ಡ ಹೋದ್ರೆ ಬೆಟ್ಟ ಯಾವುದು, ವಿಮಾನ ಯಾವುದು ಅಂತ ಗೊತ್ತಾಗದೆ ಬಿಟ್ಬಿಡತ್ತೆ."

"ನಿಮ್ಮಪ್ಪನೂ ಹಾಗೇ" ಎಂದರು ಅತ್ತೆ, ದಾರ ಕಚ್ಚಿ ಕತ್ತರಿಸುತ್ತ. "ಸಿಗರೇಟು ಸೇದೋಕೆ ಹೋಗೋವಾಗ ಗೋಡೆ ಹಿಡ್ಕೊಂಡು ಅಡ್ಡಡ್ಡ ಜಾರೋರು. ಹದಿನೆಂಟು ವರ್ಷ ನನಗೆ ಗೊತ್ತಾಗಲಿಲ್ಲ. ಎದುರಿಗೆ ಬಂದಿದ್ರೆ ಅವತ್ತೇ ಹಿಡೀತಿದ್ದೆ."

ಸಾಹೇಬರಿಗೆ ಮಾವನ ಸಿಗರೇಟು ಮುಖ್ಯವಾಗಲಿಲ್ಲ. ಅವರ ತಲೆಯಲ್ಲಿ ಒಂದೇ ಹುಳು. "ನಿಜವಾದ ಕ್ಷಿಪಣಿ, ನಿಜವಾದ ರೇಡಾರು, ಅವೂ ಹೀಗೇನಾ? ಅಥವಾ ಆಟದವರೇ ಅಳತೇಲಿ ಮೋಸ ಮಾಡಿದಾರಾ?"

"ಅದೇ ಭಾವ ದೊಡ್ಡ ಜಗಳ. ಆಡೋರಲ್ಲಿ ಅರ್ಧ ಜನ ಸರಿ ಅಂತಾರೆ, ಅರ್ಧ ಜನ ಸುಳ್ಳು ಅಂತಾರೆ. ನಿಜ ಗೊತ್ತಿರೋರು ಬಾಯಿ ಬಿಡಲ್ಲ, ಬಾಯಿ ಬಿಡೋರಿಗೆ ನಿಜ ಗೊತ್ತಿಲ್ಲ."

ಇಂಥ ಮಾತನ್ನು ತೂಕದ ಇನ್‌ಸ್ಪೆಕ್ಟರ ಮುಂದೆ ಆಡಬಾರದು. ಹಸಿದವನ ಮುಂದೆ ಬಾಳೆಲೆ ಹಾಸಿ ಎದ್ದುಹೋದಂತೆ.

ಮಾರನೆಯ ದಿನ ಪರೀಕ್ಷೆ ಶುರುವಾಯಿತು. ಸಾಹೇಬರು ಎತ್ತರದಿಂದ ಎಂಬತ್ತು, ನಡು ಎತ್ತರದಿಂದ ಎಂಬತ್ತು, ಮರದ ತುದಿ ಸವರುವಷ್ಟು ಕೆಳಗಿನಿಂದ ಎಂಬತ್ತು, ಒಟ್ಟು ಇನ್ನೂರ ನಲವತ್ತು ಕ್ಷಿಪಣಿ ಹಾರಿಸಿದರು. ಒಂದೊಂದನ್ನೂ ರಿಜಿಸ್ಟರಿಗೆ ಏರಿಸಿದರು. ಇಲಾಖೆಯ ನಿಯಮದಂತೆ ಸಾಕ್ಷಿಯಿಲ್ಲದ ಪರೀಕ್ಷೆ ಪರೀಕ್ಷೆಯೇ ಅಲ್ಲ. ಆದ್ದರಿಂದ ಅತ್ತೆಯ ಕುರ್ಚಿಯನ್ನು ಮೇಜಿನ ಪಕ್ಕಕ್ಕೆ ಎಳೆದರು. ಹೆಂಡತಿ ಊಟಕ್ಕೆ ಕರೆದರೆ, "ಇನ್ನೊಂದು ಹಾರಿಸಿ ಬರ್ತೀನಿ" ಎನ್ನುವುದು, "ಅಮ್ಮಾ, ನೀನಾದ್ರೂ ಬಾ" ಎಂದರೆ, "ಇರೇ, ಅದು ಎಲ್ಲಿ ಬೀಳತ್ತೋ ನೋಡಿ ಬರ್ತೀನಿ" ಎನ್ನುವುದು. ಹನ್ನೊಂದು ವರ್ಷದಲ್ಲಿ ಅತ್ತೆ ಅಳಿಯ ಒಂದೇ ಕಡೆ ಕೂತು ಒಂದೇ ಕಡೆ ನೋಡಿದ್ದು ಇದೇ ಮೊದಲು.

ಫಲಿತಾಂಶವನ್ನು ಆಟ ಮಾಡಿದ ಕಂಪನಿಗೆ ಬರೆಯಬೇಕಿತ್ತು. ಸಾಹೇಬರಿಗೆ ಪತ್ರ ಬರೆಯುವುದು ಗೊತ್ತಿರಲಿಲ್ಲ. ನಮೂನೆ ತುಂಬುವುದು ಗೊತ್ತಿತ್ತು. ಚೀಲದಲ್ಲಿದ್ದ ಇಲಾಖೆಯ ನಮೂನೆ ಹದಿನೇಳನ್ನು ತೆಗೆದು ಕೂತರು. ವಸ್ತು: ಕ್ಷಿಪಣಿ. ಬಳಸುವವರು: ವಾಯುಪಡೆ. ಘೋಷಿತ ಅಳತೆ: ನೂರು ಕಿ.ಮೀ. ಪರೀಕ್ಷಿಸಿದ ಮಾದರಿಗಳು: ಇನ್ನೂರ ನಲವತ್ತು. ಕಂಡುಬಂದ ಸರಾಸರಿ: ಮೂವತ್ತೆಂಟು. ಪರೀಕ್ಷೆಯ ಸ್ಥಳ: ಸ್ವಂತ ಮನೆ, ನಡುಕೋಣೆ. ಸಾಕ್ಷಿ: ಅತ್ತೆ, ಸಹಿ ಸಹಿತ. ಷರಾ: ರೇಡಾರಿಗೂ ದೃಷ್ಟಿದೋಷವಿದ್ದು ಅಡ್ಡ ಹೋಗುವವರು ಕಾಣುವುದಿಲ್ಲ. ತೀರ್ಮಾನ: ತಿರಸ್ಕರಿಸಲಾಗಿದೆ.

ನಡುವೆ ಒಂದು ಕಾಲಮ್ಮಿತ್ತು: "ಪರೀಕ್ಷೆಗೆ ಬಳಸಿದ ಸಾಧನಕ್ಕೆ ಮುದ್ರೆ ಇದೆಯೇ?" ಅದನ್ನು ಓದುವ ಹೊತ್ತಿಗೆ ಹೆಂಡತಿ ಮೂರನೇ ಸಲ ಊಟಕ್ಕೆ ಕರೆದಳು. ದನಿ ಏರಿತ್ತು. ಸಾಹೇಬರು ಕಾಲಮ್ಮನ್ನು ಖಾಲಿ ಬಿಟ್ಟು, ನಮೂನೆಯನ್ನು ಚೀಲಕ್ಕೆ ತುರುಕಿ ಎದ್ದರು. ಬಾಮೈದ ಬಂದಾಗ ಕೊಟ್ಟರಾಯಿತು ಎಂದುಕೊಂಡವರು ಮರೆತೇಬಿಟ್ಟರು.

ತಿಂಗಳು ಮುಗಿದು ಕಚೇರಿಗೆ ಹೋದ ದಿನ ರವಾನೆ ಗುಮಾಸ್ತ ಎಂದಿನಂತೆ ಅವರ ಚೀಲ ಬರಿದು ಮಾಡಿದ. ಹಳೆಯ ಮೂವತ್ತು ತಕ್ಕಡಿ ವರದಿಗಳ ಜೊತೆ ಕ್ಷಿಪಣಿಯೂ ಹೋಯಿತು. ಈ ಗುಮಾಸ್ತ ತನ್ನ ಇಡೀ ನೌಕರಿಯಲ್ಲಿ ಒಂದು ಹಾಳೆಯನ್ನೂ ಓದಿದವನಲ್ಲ. ನಂಬರು ಹಾಕುವುದು ಅವನ ಕೆಲಸ, ಓದುವುದು ಇನ್ನೊಬ್ಬರ ಕೆಲಸ. ಆ ಇನ್ನೊಬ್ಬರು ದೊಡ್ಡ ಸಾಹೇಬರು. ಅವರು ಸಹಿ ಹಾಕಿದರು. ಮುಖ್ಯ ಕಚೇರಿಯಲ್ಲಿ ತಿರಸ್ಕೃತ ವಸ್ತುವಿನ ನೋಟಿಸನ್ನು ಬಳಸುವವರಿಗೆ ಕಳಿಸಬೇಕೆಂಬ ನಿಯಮ. ಕಳಿಸಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಒಬ್ಬರಲ್ಲ, ಕಚೇರಿ ತುಂಬ ಇದ್ದರು. ಹೀಗೆ, ತಮ್ಮ ಕ್ಷಿಪಣಿಯಲ್ಲಿ ಅರವತ್ತೆರಡು ಕಿಲೋಮೀಟರ್ ಕಡಿಮೆ ಇದೆ, ಹದಿನೈದು ದಿನದಲ್ಲಿ ಸರಿಪಡಿಸದಿದ್ದರೆ ಕ್ರಮ ಕೈಗೊಳ್ಳಲಾಗುವುದು ಎಂಬ ನೋಟಿಸು ವಾಯುಪಡೆಗೆ ತಲುಪಿತು.

ಹತ್ತನೇ ದಿನ ದೊಡ್ಡ ಸಾಹೇಬರ ಕೋಣೆಯಿಂದ ಕರೆ ಬಂತು. ಅವರ ಮುಖ ಸುಟ್ಟ ಬದನೆಕಾಯಿಯಂತಾಗಿತ್ತು.

"ಏನ್ರೀ ಇದು? ನಡುಕೋಣೇಲಿ ಕ್ಷಿಪಣಿ?"

"ಸ್ವಂತ ಮನೆ ಸಾರ್. ಬಾಡಿಗೆಯದಲ್ಲ."

"ಯಾರ ಮನೆ ಅಂತ ಕೇಳಿದ್ನೇನ್ರೀ ನಾನು? ವಾಯುಪಡೆಯಿಂದ ಫೋನ್ ಬಂದಿದೆ! ನಿಮ್ಮವರಿಗೆ ಕ್ಷಿಪಣಿ ಎಲ್ಲಿ ಸಿಕ್ತು ಅಂತ ಕೇಳ್ತಿದಾರೆ!"

"ಸಾರ್, ಅದು ಆಟ... ಆದ್ರೆ ನೀವೂ ಸಹಿ ಹಾಕಿದ್ದೀರಲ್ಲ ಸಾರ್."

"ನಾನು ಓದಿ ಸಹಿ ಹಾಕ್ತೀನಿ ಅಂತ ನಿಮಗೆ ಹೇಳಿದ್ದು ಯಾರು?" ದೊಡ್ಡ ಸಾಹೇಬರು ಮೇಜು ಗುದ್ದಿದರು. ಆಮೇಲೆ ದನಿ ತಗ್ಗಿಸಿ, ಮುಖ ಆಚೆ ತಿರುಗಿಸಿ, "ಮುದ್ರೆ ಇಡಿ" ಎಂದರು. "ವಿಚಾರಣೆ ಮುಗಿಯೋವರೆಗೂ ಮುದ್ರೆ ನನ್ನ ಹತ್ರ ಇರ್ಲಿ. ವರದಿ ಸುಳ್ಳು ಅಂತ ಸಾಬೀತಾದ್ರೆ ವಾಪಸ್ ಬರಲ್ಲ, ಈಗ್ಲೇ ಹೇಳಿದೀನಿ."

ಗುಲಗಂಜಿ ಸಾಹೇಬರು ಒಳಜೇಬಿಗೆ ಕೈ ಹಾಕಿದರು. ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು. ಮೇಜಿನ ಗಾಜಿನ ಮೇಲೆ ಅದು ಟಕ್ ಎಂದಿತು. ಮನೆಗೆ ಬರುವ ದಾರಿಯುದ್ದಕ್ಕೂ ಅವರ ಕೈ ತಾನಾಗಿ ಎದೆಯ ಬಳಿ ಹೋಗುತ್ತಿತ್ತು, ಖಾಲಿ ಜೇಬು ಮುಟ್ಟಿ ಹಿಂದೆ ಬರುತ್ತಿತ್ತು. ಅಳು ಬರುವಂತಾಯಿತು. ಗಂಡಸು ರಸ್ತೆಯಲ್ಲಿ ಅಳಬಾರದೆಂದು ಜೋರಾಗಿ ಕೆಮ್ಮಿದರು.

ಮಾತು ಅವರಿಗಿಂತ ಮುಂಚೆ ಬೀದಿ ಮುಟ್ಟಿತ್ತು. ಪಕ್ಕದ ಮನೆಯ ದರ್ಜಿ ತನ್ನ ಕಿಟಕಿಗಳನ್ನು ಮುಚ್ಚಿ, "ಸಾಹೇಬ್ರೇ, ಹಾರಿಸೋದಾದ್ರೆ ಆ ಕಡೆ ಮುಖ ಮಾಡಿ ಹಾರಿಸಿ, ಈ ಕಡೆ ನನ್ನ ಹೊಲಿಗೆ ಮಿಷನ್ ಇದೆ" ಎಂದ. ಎದುರುಮನೆಯ ನಿವೃತ್ತ ಮೇಷ್ಟ್ರು ಸಾಹೇಬರ ತಾರಸಿಯ ನೀರಿನ ಟ್ಯಾಂಕನ್ನು ಒಂದು ಗಂಟೆ ದಿಟ್ಟಿಸಿ ನೋಡಿ, ಅದು ಟ್ಯಾಂಕಲ್ಲ ಎಂಬ ತೀರ್ಮಾನಕ್ಕೆ ಬಂದರು. ಎಲ್ಲರಿಗಿಂತ ಖುಷಿಯಾದವನು ದಿನಸಿ ಅಂಗಡಿಯವನು. ಅಂಗಡಿಯಿಂದ ಮೂರು ಹೆಜ್ಜೆ ಹೊರಗೆ ಬಂದು ಎರಡೂ ಕೈ ಜೋಡಿಸಿ, "ಬನ್ನಿ ಕ್ಷಿಪಣಿ ಸಾಹೇಬ್ರೇ! ಮುದ್ರೆ ಹೋಯ್ತಂತೆ? ಪಾಪ, ಪಾಪ. ಸಕ್ಕರೆ ಬೇಕಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ.

ಅವನಿಂದ ತಂದ ಸಕ್ಕರೆಯನ್ನೂ ಅತ್ತೆ ಅಂಗೈಯಲ್ಲಿ ಆಡಿಸಿ ನೋಡಿದರು. ಅಳಿಯನ ಮುಖ ನೋಡಿ ಏನೂ ಹೇಳದೆ ಡಬ್ಬಿಗೆ ಸುರಿದರು.

ಮೂರು ದಿನದ ಮೇಲೆ, ಬೆಳಿಗ್ಗೆ ಹನ್ನೊಂದಕ್ಕೆ, ವಾಯುಪಡೆಯ ಅಧಿಕಾರಿಯೊಬ್ಬರು ಮನೆಗೇ ಬಂದರು. ನೆಟ್ಟಗಿನ ಬೆನ್ನು, ಇಸ್ತ್ರಿ ಮುರಿಯದ ಪ್ಯಾಂಟು, ಕೈಯಲ್ಲಿ ಕಡತ. ನಡುಕೋಣೆಗೆ ಕಾಲಿಟ್ಟವರು ಮೊದಲು ಮೇಲ್ಛಾವಣಿ ನೋಡಿದರು. ತೂತೇನೂ ಇರಲಿಲ್ಲ. ಕೂತು ಪೆನ್ನು ತೆಗೆದರು.

"ಎಲ್ಲಿಂದ ತಂದ್ರಿ?"

"ಬಾಮೈದ ತಂದುಕೊಟ್ಟ."

"ಎಷ್ಟು ಹಾರಿಸಿದ್ರಿ?"

"ವರದಿಯಲ್ಲಿದೆ ಸಾರ್. ಇನ್ನೂರ ನಲವತ್ತು."

"ಸಾಕಾಗಿ ಹೋಗಿತ್ತು ನಂಗೆ" ಎಂದಳು ಬಾಗಿಲಲ್ಲಿ ನಿಂತ ಹೆಂಡತಿ. "ಊಟಕ್ಕೆ ಕರೆದ್ರೆ ಇನ್ನೊಂದು ಹಾರಿಸಿ ಬರ್ತೀನಿ ಅನ್ನೋರು."

ಅಧಿಕಾರಿಯ ಪೆನ್ನು ನಿಂತಿತು. "ಅಕ್ಕಪಕ್ಕದವರಿಗೆ ಸದ್ದು ಕೇಳಿಸಲಿಲ್ವಾ?"

"ಅತ್ತೆಗೆ ತಲೆನೋವು ಬರತ್ತೆ ಅಂತ ಸದ್ದು ಕಮ್ಮಿ ಮಾಡಿದ್ದೆ."

"ಕ್ಷಿಪಣಿ ಸದ್ದು... ಕಮ್ಮಿ ಮಾಡಿದ್ರಾ?"

"ಪೂರ್ತಿ ತೆಗೆಯೋಕೂ ಬರತ್ತೆ ಸಾರ್. ತೋರಿಸ್ಲಾ?"

ಅಧಿಕಾರಿ ಎದ್ದು ನಿಂತೇಬಿಟ್ಟರು. ಸಾಹೇಬರು ಮೇಜಿನ ಮೇಲಿನ ಬಟ್ಟೆ ತೆಗೆದರು. ಹಳೆಯ ಕಂಪ್ಯೂಟರು, ಕೋಲು, "ನೂರಕ್ಕೆ ನೂರು ನೈಜ" ಎಂಬ ಡಬ್ಬಿ. ಅಧಿಕಾರಿ ಅದನ್ನು ನೋಡಿದರು, ಕಡತ ನೋಡಿದರು, ಮತ್ತೆ ಅದನ್ನು ನೋಡಿದರು. ಬೆಟ್ಟ ಅಗೆದು ಇಲಿ ಹಿಡಿದರೂ ಇಲಿಯಾದರೂ ಕೈಗೆ ಸಿಕ್ಕಿರುತ್ತದೆ. ಅವರಿಗೆ ಅದೂ ಇಲ್ಲ.

"ನಾಲ್ಕು ಕಚೇರಿ ಹದಿಮೂರು ದಿನ ಕೆಲಸ ಬಿಟ್ಟು ಕೂತಿವೆ ರೀ" ಎಂದರು ಕೊನೆಗೆ. ಕಡತದಿಂದ ಒಂದು ಹಾಳೆ ತೆಗೆದು ಮುಂದಿಟ್ಟರು. "ಈ ವರದಿ ಸುಳ್ಳು ಅಂತ ಬರೆದು ಸಹಿ ಹಾಕಿ. ಮುಗೀತು."

ಸಾಹೇಬರು ಹಾಳೆಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದರು. "ಸುಳ್ಳು ಅಂತ ಬರೆದ್ರೆ ನನ್ನ ಮುದ್ರೆ ವಾಪಸ್ ಬರಲ್ಲ ಸಾರ್. ಅದೂ ಅಲ್ಲದೆ, ನಾನು ಸುಳ್ಳು ಬರೆದಿಲ್ಲ. ಕಂಡದ್ದನ್ನ ಕಂಡ ಹಾಗೆ ಬರೆದಿದ್ದೀನಿ. ಸುಳ್ಳು ಅನ್ನೋದಾದ್ರೆ ನಿಜ ಎಷ್ಟು, ಹೇಳಿ."

"ಹೇಳೋ ಹಾಗಿಲ್ಲ."

"ಮೂವತ್ತೆಂಟು ಜಾಸ್ತಿಯಾಯ್ತಾ?"

"ಹೇಳೋ ಹಾಗಿಲ್ಲ."

"ಕಮ್ಮಿಯಾಯ್ತಾ?"

"ರೀ, ಜಾಸ್ತಿ ಅಂದ್ರೆ ಕಮ್ಮಿ ಅಲ್ಲ ಅಂತ ನಿಮಗೆ ಗೊತ್ತಾಗತ್ತೆ! ಕಮ್ಮಿ ಅಂದ್ರೆ ಜಾಸ್ತಿ ಅಲ್ಲ ಅಂತ ಗೊತ್ತಾಗತ್ತೆ! ನನಗೆ ಬಾಯಿ ಬಿಡೋ ಹಾಗೇ ಇಲ್ಲ!"

ಮೂಲೆಯಲ್ಲಿ ಕೂತಿದ್ದ ಅತ್ತೆ ಹೊಲಿಗೆ ಕೆಳಗಿಟ್ಟರು. ನೇರ ಕೇಳಿದರೆ ಈ ಮನುಷ್ಯ ಹೇಳುವವನಲ್ಲ ಎಂಬುದು ಆಕೆಗೆ ಅರ್ಥವಾಗಿತ್ತು.

"ಬಾಯಿ ಬಿಡೋದು ಬೇಡಪ್ಪ. ಅಷ್ಟು ದೂರದಿಂದ ಬಂದಿದ್ದೀರಿ, ಕಾಫಿ ಆಗೋವರೆಗೂ ಸುಮ್ನೆ ಕೂತಿರೋದು ಯಾಕೆ? ಒಂದು ಸಲ ಹಾರಿಸಿ ನೋಡಿ. ನೀವೂ ಹಿಂದೆ ವಿಮಾನ ಓಡಿಸಿರ್ಬೇಕಲ್ವಾ?"

ಓಡಿಸಿದ್ದರು. ಹದಿನಾಲ್ಕು ವರ್ಷದಿಂದ ಕಡತಗಳನ್ನು ಮಾತ್ರ ಓಡಿಸುತ್ತಿದ್ದರು. ಅವರ ಕಣ್ಣು ಕೋಲಿನ ಕಡೆ ಹೋಯಿತು, ಬಾಗಿಲ ಕಡೆ ಹೋಯಿತು, ಮತ್ತೆ ಕೋಲಿನ ಕಡೆ ಬಂತು. "ಪರಿಶೀಲನೆಗೋಸ್ಕರ" ಎಂದು ಯಾರೂ ಕೇಳದೆಯೇ ಹೇಳಿ, ಕುರ್ಚಿ ಎಳೆದುಕೊಂಡರು.

ಕೋಲು ಹಿಡಿದ ಮೇಲೆ ಆ ಮನುಷ್ಯ ಬೇರೆಯೇ ಆದರು. ಟೈ ಸಡಿಲವಾಯಿತು. ಶತ್ರು ಕ್ಷಿಪಣಿ ಬಿಟ್ಟಿದ್ದೇ ತಡ, ವಿಮಾನವನ್ನು ತಲೆಕೆಳಗು ಮಾಡಿ ನೆಲದತ್ತ ಧುಮುಕಿಸಿದರು, ಬೆಟ್ಟದ ಮಗ್ಗುಲಲ್ಲಿ ಅಡ್ಡ ತಿರುಗಿಸಿ ಓಡಿದರು. ಕ್ಷಿಪಣಿ ದಾರಿ ತಪ್ಪಿ ಕಣಿವೆಗೆ ಬಿತ್ತು.

"ಥೇಟ್ ನಮ್ಮ ಯಜಮಾನ್ರೇ!" ಎಂದು ಅತ್ತೆ ಚಪ್ಪಾಳೆ ತಟ್ಟಿದರು.

ಅಧಿಕಾರಿ ನಕ್ಕರು. ನಗುತ್ತಿರುವಾಗಲೇ ಬಲು ದೂರದಿಂದ ಎರಡನೇ ಕ್ಷಿಪಣಿ ಮರಗಳ ತಲೆ ಸವರುತ್ತ ಬಂದು ಅವರ ಬಾಲಕ್ಕೆ ಬಡಿಯಿತು. ಪರದೆ ಕೆಂಪಾಯಿತು. ಅಧಿಕಾರಿ ಕುರ್ಚಿಯಿಂದ ಚಿಮ್ಮಿ, "ಸುಳ್ಳು! ಶುದ್ಧ ಸುಳ್ಳು! ಇಷ್ಟು ಕೆಳಗೆ ಅದು ಅಷ್ಟು ದೂರ ಬರೋಕೆ ಸಾಧ್ಯಾನೇ ಇಲ್ಲ! ಹೆಚ್ಚಂದ್ರೆ ಹದಿ..." ಎಂದವರು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡರು.

ಹೆಂಡತಿ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಳು. ಗೋಡೆಯ ಗಡಿಯಾರ, ಎಂದಿನಂತೆ ಸ್ವಲ್ಪ ಹಿಂದೆ ಬಿದ್ದುಕೊಂಡು, ಟಿಕ್ ಟಿಕ್ ಅನ್ನುತ್ತಿತ್ತು.

"ಬರ್ಕೊಳ್ಳಿ" ಎಂದರು ಅತ್ತೆ. "ಹದಿ ಅಂದ್ರು. ಹದಿಮೂರರಿಂದ ಹದಿನೆಂಟರೊಳಗೆ."

"ನಾನೇನೂ ಹೇಳಲಿಲ್ಲ" ಎಂದರು ಅಧಿಕಾರಿ. ದನಿ ಬಾವಿಯೊಳಗಿಂದ ಬಂದಂತಿತ್ತು. "ಅಮ್ಮಾ, ದಯವಿಟ್ಟು. ನನಗಿನ್ನು ಎರಡೇ ವರ್ಷ ಸರ್ವೀಸು ಇರೋದು."

ಸಾಹೇಬರ ಕೈಯಲ್ಲಿ ಪೆನ್ನಿತ್ತು. ಒಂದು ತಿಂಗಳಿನಿಂದ ಕೊರೆಯುತ್ತಿದ್ದ ಪ್ರಶ್ನೆಯ ಉತ್ತರ ಅಂಗೈಗೆ ಬಂದಿತ್ತು. ಇನ್ನೊಂದು ಮಾತು ಕೇಳಿದ್ದರೆ ಉಳಿದ ಅಕ್ಷರವೂ ಬೀಳುತ್ತಿತ್ತು. ನಾಲಿಗೆಯ ತುದಿಗೆ ಬಂತು ಕೂಡ. ಆದರೆ ಅಧಿಕಾರಿಯ ಕೈ ತಾನಾಗಿ ಎದೆಯ ಬಳಿ ಹೋಗಿ, ಅಲ್ಲಿದ್ದ ವಿಮಾನಚಾಲಕರ ಸಣ್ಣ ರೆಕ್ಕೆಯ ಬಿಲ್ಲೆಯನ್ನು ಮುಟ್ಟಿ ನೋಡಿಕೊಂಡದ್ದನ್ನು ಸಾಹೇಬರು ಕಂಡರು. ಹಾಗೆ ಮುಟ್ಟಿ ನೋಡಿಕೊಳ್ಳುವುದು ಏನೆಂದು ಆ ಬೀದಿಯಲ್ಲಿ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಅವರು ತಲೆ ತಗ್ಗಿಸಿ, ಅಧಿಕಾರಿಯ ಕಡತದಲ್ಲಿದ್ದ ತಮ್ಮ ವರದಿಯನ್ನೇ ನೋಡುತ್ತ ಕೂತರು. ಹಾಗೆ ನೋಡುವಾಗ ಖಾಲಿ ಬಿಟ್ಟ ಕಾಲಮ್ಮು ಕಣ್ಣಿಗೆ ಬಿತ್ತು. "ಪರೀಕ್ಷೆಗೆ ಬಳಸಿದ ಸಾಧನಕ್ಕೆ ಮುದ್ರೆ ಇದೆಯೇ?"

"ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದು ಹಣೆ ಚಚ್ಚಿಕೊಂಡರು. "ಸಾರ್, ಈ ಆಟಕ್ಕೆ ಮುದ್ರೆ ಎಲ್ಲಿದೆ? ಇದೇ ಒಂದು ಪರೀಕ್ಷೆಯಾಗದ ತಕ್ಕಡಿ. ಮುದ್ರೆ ಇಲ್ಲದ ತಕ್ಕಡೀಲಿ ತೂಗಿದ್ದು ತೂಕವೇ ಅಲ್ಲ. ಇದು ಸುಳ್ಳು ವರದಿ ಅಲ್ಲ ಸಾರ್, ಅಸಿಂಧು ವರದಿ!"

"ಸುಳ್ಳಿಗೂ ಅಸಿಂಧುಗೂ ಏನು ವ್ಯತ್ಯಾಸ?"

"ಸುಳ್ಳಾದ್ರೆ ಮುದ್ರೆ ಹೋಗತ್ತೆ. ಅಸಿಂಧು ಆದ್ರೆ ಇನ್ನೊಂದು ನಮೂನೆ ತುಂಬಿದ್ರೆ ಸಾಕು." ಸಾಹೇಬರು ಖಾಲಿ ಕಾಲಮ್ಮಿನಲ್ಲಿ "ಇಲ್ಲ" ಎಂದು ಬರೆದು, ಅಡ್ಡಗೆರೆ ಎಳೆದು ಸಹಿ ಹಾಕಿದರು. "ಪರೀಕ್ಷೇನೇ ಅಸಿಂಧು ಆದ್ಮೇಲೆ ಈ ಕೋಣೇಲಿ ಯಾರೂ ಏನೂ ಹಾರಿಸಿಲ್ಲ, ಯಾರೂ ಏನೂ ಹೇಳಿಲ್ಲ. ಅಲ್ವಾ ಅತ್ತೆ?"

"ಕಾಫಿ ಆರಿಹೋಗತ್ತೆ, ಕುಡೀರಪ್ಪ" ಎಂದರು ಅತ್ತೆ.

ಅಧಿಕಾರಿ ಒಂದೇ ಗುಟುಕಿಗೆ ಕುಡಿದು, ಬಾಯಿ ಸುಟ್ಟುಕೊಂಡು, ಸಾಹೇಬರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಹೊರಟುಹೋದರು. ಮೆಟ್ಟಿಲಿಳಿದ ಮೇಲೆ ಮರಳಿ ಬಂದು ಆಟದ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರು.

ಅವರು ಹೋದ ಮೇಲೆ ಅತ್ತೆ ಸೂಜಿಗೆ ದಾರ ಪೋಣಿಸುತ್ತ ಕೇಳಿದರು: "ಹೌದೂ, ಮುದ್ರೆ ಇಲ್ಲದ ತಕ್ಕಡೀಲಿ ತೂಗಿದ್ದು ತೂಕವೇ ಅಲ್ಲ ಅಂದ್ರಲ್ಲ. ಆ ದಿನಸಿಯವನು ನಮಗೆ ತೂಗೋದು ನೀವು ಮುದ್ರೆ ಹೊಡೆದ ತಕ್ಕಡೀಲೇ ಅಂತ ಯಾರು ನೋಡಿದಾರೆ?"

ಸಾಹೇಬರು ಹಸಿರು ಪರದೆಯನ್ನು ನೋಡಿದರು. ದಿನಸಿಯವನ ಅಂಗಡಿಗೆ ತಾವು ಹೋದಾಗಲೆಲ್ಲ ಅವನು ಮೂರು ಹೆಜ್ಜೆ ಎದುರು ಬಂದು, ಕೈ ಜೋಡಿಸಿ, ದೊಡ್ಡ ದನಿಯಲ್ಲಿ ಮಾತಾಡಿಸುವುದು ನೆನಪಾಯಿತು. ಆ ಹೊತ್ತಿನಲ್ಲಿ ಗೋಡೆಯ ಕಡೆ ತಾವು ಒಂದು ಸಲವೂ ನೋಡಿರಲಿಲ್ಲ.

"ಅತ್ತೆ, ನಾಳೆ ನಿಮಗೆ ಕೆಲಸ ಇದೆಯಾ?" ಎಂದರು.

ಮಾರನೆಯ ಮಧ್ಯಾಹ್ನದ ಹೊತ್ತಿಗೆ ಮುದ್ರೆ ವಾಪಸ್ ಬಂತು. ವಾಯುಪಡೆಯಿಂದ "ವಿಷಯ ಮುಕ್ತಾಯ, ಇದನ್ನು ಮತ್ತೆ ಎತ್ತಬಾರದು" ಎಂದು ಬೆಳಿಗ್ಗೆಯೇ ಫೋನ್ ಬಂದಿತ್ತಂತೆ. ದೊಡ್ಡ ಸಾಹೇಬರು ಮುದ್ರೆ ಕೊಡುತ್ತ, "ಇನ್ಮೇಲೆ ಸಕ್ಕರೆ ಉಪ್ಪು ಮಾತ್ರ ನೋಡ್ರಿ" ಎಂದರು. ಸಾಹೇಬರು ಅದನ್ನೇ ನೋಡಲು ಹೊರಟರು.

"ಬನ್ನಿ ಕ್ಷಿಪಣಿ ಸಾಹೇಬ್ರೇ, ಬನ್ನಿ ಬನ್ನಿ!" ದಿನಸಿಯವನು ಮೂರು ಹೆಜ್ಜೆ ಮುಂದೆ ಬಂದ. "ಮುದ್ರೆ ಸಿಕ್ತಾ? ದೇವರು ದೊಡ್ಡವನು! ಕೂತ್ಕೊಳ್ಳಿ, ತಕ್ಕಡಿ ತರಿಸ್ತೀನಿ, ನಿಮ್ಮದೇ ತಕ್ಕಡಿ!"

ಸಾಹೇಬರು ಅವನನ್ನು ನೋಡಲಿಲ್ಲ. ಗೋಡೆಯನ್ನು ನೋಡಿದರು. ಮೂಟೆಗಳಿದ್ದವು, ಪೊರಕೆಗಳಿದ್ದವು, ಎಣ್ಣೆಯ ಡಬ್ಬಗಳಿದ್ದವು. ಮೂಟೆ ಮತ್ತು ಡಬ್ಬಗಳ ನಡುವೆ, ಬೆನ್ನನ್ನು ಗೋಡೆಗೆ ಒತ್ತಿಕೊಂಡು, ಟವೆಲಿನಲ್ಲಿ ಸುತ್ತಿದ ಏನನ್ನೋ ಎದೆಗವಚಿಕೊಂಡು ದಿನಸಿಯವನ ಹೆಂಡತಿ ಹಿತ್ತಿಲ ಬಾಗಿಲ ಕಡೆ ಅಡ್ಡಡ್ಡ ಜಾರುತ್ತಿದ್ದಳು.

ಹಿತ್ತಿಲ ಬಾಗಿಲಲ್ಲಿ ಅತ್ತೆ ಖಾಲಿ ಕೈಚೀಲ ಹಿಡಿದು ನಿಂತಿದ್ದರು. "ಎಲ್ಲಿಗಮ್ಮ, ಅಷ್ಟು ಭಾರ ಹೊತ್ಕೊಂಡು? ಇಲ್ಲಿ ಕೊಡು, ನಾನೂ ಒಂದು ಕೈ ಹಿಡೀತೀನಿ."

ಟವೆಲಿನೊಳಗೆ ತಕ್ಕಡಿಯಿತ್ತು. ಅದರ ಸೀಸದ ಬಿಲ್ಲೆ ಕನ್ನಡಿಯಷ್ಟು ನುಣುಪಾಗಿತ್ತು. ಮುದ್ರೆಯ ಗುರುತೇ ಇರಲಿಲ್ಲ. ದಿನಸಿಯವನ ಜೋಡಿಸಿದ ಕೈಗಳು ಜೋಡಿಸಿದಂತೆಯೇ ಉಳಿದವು; ಈಗ ಮಾತ್ರ ಅದಕ್ಕೊಂದು ಅರ್ಥ ಬಂದಿತ್ತು.

ಅದರಲ್ಲಿ ಒಂದು ಕಿಲೋ ಸಕ್ಕರೆ ತೂಗಿ, ಅದೇ ಸಕ್ಕರೆಯನ್ನು ಸಾಹೇಬರು ತಮ್ಮ ಪರೀಕ್ಷೆಯ ಪೆಟ್ಟಿಗೆಯಲ್ಲಿದ್ದ ತಕ್ಕಡಿಯಲ್ಲಿ ತೂಗಿದರು. ಅರವತ್ತು ಗ್ರಾಂ ಕಡಿಮೆ. ಅವರಿಗೆ ನಾಚಿಕೆಯಾಯಿತು. ಆಕಾಶದಲ್ಲಿ ಅರವತ್ತೆರಡು ಕಿಲೋಮೀಟರ್ ಹುಡುಕಲು ಹೋದ ಮನುಷ್ಯ, ಬೀದಿಕೊನೆಯ ಅರವತ್ತು ಗ್ರಾಂಗೆ ಹನ್ನೊಂದು ವರ್ಷ ಕುರುಡಾಗಿದ್ದ. ದೀಪದ ಬುಡದಲ್ಲಿ ಕತ್ತಲೆ ಅಂತ ಸುಮ್ಮನೆ ಹೇಳಿಲ್ಲ.

ಅಲ್ಲೇ ಮೂಟೆಯ ಮೇಲೆ ಕೂತು ನಮೂನೆ ಹದಿನೇಳನ್ನು ತುಂಬಿದರು. ಪರೀಕ್ಷೆಗೆ ಬಳಸಿದ ಸಾಧನಕ್ಕೆ ಮುದ್ರೆ ಇದೆಯೇ? ಇದೆ. ಒಂದು ಕಾಲಮ್ಮನ್ನೂ ಬಿಡಲಿಲ್ಲ. ಸಾಕ್ಷಿಯ ಸಹಿಗೆ ಹಾಳೆಯನ್ನು ಅತ್ತೆಯ ಮುಂದೆ ಹಿಡಿದರು.

ಅತ್ತೆ ಸಹಿ ಹಾಕುವ ಮೊದಲು ಸಕ್ಕರೆಯ ಪೊಟ್ಟಣವನ್ನು ಅಂಗೈಯಲ್ಲಿಟ್ಟು ಎರಡು ಸಲ ಮೇಲೆ ಕೆಳಗೆ ಆಡಿಸಿದರು.

"ಅರವತ್ತಲ್ಲ" ಎಂದರು. "ಅರವತ್ತೈದು."

ಬೇರೆ ದಿನವಾಗಿದ್ದರೆ ಸಾಹೇಬರು ನಗುತ್ತಿದ್ದರು. ಆ ದಿನ ಪೊಟ್ಟಣ ಈಸಿಕೊಂಡು, ಪೆಟ್ಟಿಗೆಯ ತಳದಿಂದ ಅತಿ ಸಣ್ಣ ತೂಕಗಳನ್ನು ಹುಡುಕಿ ತೆಗೆದು, ಮತ್ತೆ ತೂಗಿದರು. ಮುಳ್ಳು ನಿಲ್ಲುವವರೆಗೆ ಉಸಿರು ಬಿಗಿಹಿಡಿದು ಕಾದರು. ಆಮೇಲೆ ಅರವತ್ತನ್ನು ಹೊಡೆದುಹಾಕಿ ಅರವತ್ತೈದು ಎಂದು ತಿದ್ದಿದರು. ಷರಾದ ಕಾಲಮ್ಮಿನಲ್ಲಿ ಒಂದು ಸಾಲು ಬರೆದು, ಹಾಳೆಯನ್ನು ಅತ್ತೆಯ ಕೈಗೆ ಕೊಟ್ಟರು. ಅತ್ತೆ ಕನ್ನಡಕ ಸರಿಮಾಡಿಕೊಂಡು ಓದಿದರು:

"ಸಾಕ್ಷಿಯ ಕೈಯನ್ನೂ ಪರೀಕ್ಷಿಸಲಾಗಿದೆ. ಸರಿಯಿದೆ."